‘ಹೆನ್’ ಹೋಗಿ ‘ಯೆನ್’ ಆಗದ ಹಾಗೆ ಹಾಡಿಸೋದು

ಮಂಡ್ಯದ ಹಳ್ಳಿಗಳಲ್ಲಿ ನಾಲ್ಕೈದು ವರ್ಷದ ಮಕ್ಕಳಿಗೆ ಹಾಡಿನಿಂದ ಇಂಗ್ಲಿಷ್ ಕಲಿಸೋಕೆ ರಾಗ ಇಂಪಾಗಿದ್ದರೆ ಸಾಲದು. ತಾಳದ ಏಟು ಯಾವ ಅಕ್ಷರದ ಮೇಲೆ ಬೀಳುತ್ತೆ, ಸಾಲು ಯಾವ ವ್ಯಂಜನದಲ್ಲಿ ನಿಲ್ಲುತ್ತೆ, ನಾನು ಮೊದಲು ನೋಡೋದು ಇವೆರಡನ್ನೇ. ಸಿದ್ಧ ಹಾಡುಗಳಲ್ಲಿ ಎರಡೂ ಕೂಡಿಬರೋದು ಅಪರೂಪ. ಹಾಗಾಗಿ ನಾನೇ ಕಟ್ಟಿಕೊಳ್ತೀನಿ:

ಹೆನ್, ಹೆನ್, ಹ್ಯಾಪಿ ಹೆನ್,
ಹೌ ಮೆನಿ ಎಗ್ಸ್?
ಟೆನ್, ಟೆನ್, ಟೆನ್!

ಸಾಲಿಗೆ ನಾಲ್ಕು ಏಟು. ನಮ್ಮ ಮಾತು ಹೆಚ್ಚಾಗಿ ಸ್ವರದಲ್ಲೇ ಮುಗಿಯೋದು. ಬಸ್ ನಮ್ಮ ಬಾಯಲ್ಲಿ ಬಸ್ಸು. ಎಳೆಯುವ ಜಾಗಕ್ಕೆ ‘ಕಪ್’ ತಂದಿಟ್ಟರೆ ಮಗು ಏನು ಮಾಡೀತು? ಪಕಾರ ಎಳೆಯೋಕೆ ಬರಲ್ಲ, ‘ಕಪ್ಪೂ’ ಅನ್ನುತ್ತೆ. ನ್, ಮ್, ಲ್ ಆದರೆ ಗುನುಗಬಹುದು. ಅದಕ್ಕೇ ಎಳೆಯುವ ಕಡೆ ಹೆನ್, ಟೆನ್. ‘ಎಗ್ಸ್’ ಮೂರನೇ ಏಟಿಗೇ ಮುಗಿಯುತ್ತೆ, ನಾಲ್ಕನೆಯದು ಬರೀ ಚಪ್ಪಾಳೆ. ಉಕಾರ ನುಸುಳೋ ಜಾಗವನ್ನ ಚಪ್ಪಾಳೆ ತಿಂದುಹಾಕುತ್ತೆ. ಬನಾನಾ ಥರದ ಪದವಾದರೆ ಏಟು ನಡುವಿನ ‘ನಾ’ ಮೇಲೇ ಬೀಳಬೇಕು. ‘ಬ’ ಮೇಲೆ ಬಿದ್ದರೆ ಹಾಗೇ ನಾಲಿಗೆಗೆ ಕೂತುಬಿಡುತ್ತೆ.

ಇನ್ನು ಹಕಾರ. ಹಾಲು ‘ಆಲು’ ಆಗುವ ಊರಲ್ಲಿ ಹ್ಯಾಪಿ ಹೆನ್ ‘ಆಪಿ ಯೆನ್’ ಆಗದೆ ಇನ್ನೇನು? ಮನೆಮಾತನ್ನ ತಿದ್ದೋಕೆ ಹೋಗಬೇಡಿ, ಅದು ತಪ್ಪೇ ಅಲ್ಲ. ಎರಡು ಬೆರಳಗಲದ ತೆಳು ಕಾಗದದ ಪಟ್ಟಿಯನ್ನ ಬಾಯಿಂದ ನಾಲ್ಕು ಬೆರಳು ದೂರ ಹಿಡಿಸಿ. ‘ಹೆನ್’ ಅಂದರೆ ಅಲುಗಬೇಕು, ‘ಎಗ್’ ಅಂದರೆ ಸುಮ್ಮನಿರಬೇಕು. ಈ ಆಟಕ್ಕೆ ‘ಹ್ಯಾಪಿ’ ಬೇಡ, ಪಕಾರದ ಉಸಿರಿಗೂ ಕಾಗದ ಅಲುಗಿ ಮೋಸ ಮಾಡುತ್ತೆ. ಫ್ಯಾನ್ ಆರಿಸೋದು ಮರೀಬೇಡಿ.

ಹಾಡಿನ ಸ್ವರಗಳೆಲ್ಲ ಹಾರ್ಮೋನಿಯಂನ ನಡು ಸಪ್ತಕದ ಬಿಳಿ 2ರಿಂದ ಬಿಳಿ 6ರ (ಎರಡನೇ ಬಿಳಿ ಮನೆಯಿಂದ ಆರನೆಯದರ, ಅಂದರೆ D–A) ಒಳಗೇ ಇರಲಿ. ದೊಡ್ಡವರು ತಮಗೆ ಹಿತವಾದ ಕೆಳಸ್ವರದಲ್ಲಿ ಶುರುಮಾಡಿದರೆ ಮಕ್ಕಳು ಹಾಡೋದು ಬಿಟ್ಟು ಗೊಣಗ್ತಾರೆ. ವೇಗ ನಿಮಿಷಕ್ಕೆ 80–90 ಏಟು. ಕೋಲಾಟದ ಕೋಲು ಕೊಟ್ಟು ನೋಡಿ, ಮಕ್ಕಳು ಕುಣೀತಾರೆ, ಆದರೆ ಕೋಲಿನ ಸದ್ದಲ್ಲಿ ವ್ಯಂಜನ ಕೇಳಿಸೋದೇ ಇಲ್ಲ. ತೊಡೆ ತಟ್ಟಿದರೆ ಸಾಕು.

ಮೊದಲ ಎರಡು ದಿನ ಮಕ್ಕಳು ಹಾಡೋದು ಬೇಡ. ನಾನು ಹಾಡ್ತೀನಿ, ಅವರು ಅಭಿನಯ ಮಾಡ್ತಾರೆ. ಮೂರನೇ ದಿನ ‘ಟೆನ್’ ಮಾತ್ರ ಅವರದು, ಐದನೇ ದಿನಕ್ಕೆ ಇಡೀ ಹಾಡು. ದಿನಕ್ಕೆ ಎರಡು ಸಲ, ಸಲಕ್ಕೆ ಮೂರು ನಿಮಿಷ, ಎರಡು ವಾರ ಇದೊಂದೇ. ಬೇಜಾರಾಗೋದು ನಮಗೆ, ಅವರಿಗಲ್ಲ.

ಹಾಡು ಬಾಯಿಗೆ ಬಂತು ಅಂದಮಾತ್ರಕ್ಕೆ ಪದ ಬಂತು ಅಂತಲ್ಲ. ಮೊಟ್ಟೆ ತೋರಿಸಿ ‘ವಾಟ್ ಈಸ್ ದಿಸ್?’ ಅನ್ನಿ. ಮಗು ತುಟಿಯಲ್ಲೇ ‘ಹೆನ್, ಹೆನ್’ ಅಂತ ಮೊದಲಿಂದ ಹೊರಟರೆ ಹಾಡಿನ ಸರಪಳಿ ಇನ್ನೂ ಬಿಚ್ಚಿಲ್ಲ ಅಂತ. ಆಗ ರಾಗ ತೆಗೆದು ತಾಳದಲ್ಲಿ ಬರೀ ಮಾತಾಡಿಸ್ತೀನಿ, ನಡುವೆ ಎಲ್ಲೆಂದರಲ್ಲಿ ನಿಲ್ಲಿಸ್ತೀನಿ. ಆಮೇಲೆ ಲೆಕ್ಕ ಬದಲಾಯಿಸಿ: ಬುಟ್ಟಿಯಲ್ಲಿ 7 ಮೊಟ್ಟೆ ಇಟ್ಟರೆ ಉತ್ತರ ಸೆವೆನ್, 9 ಇಟ್ಟರೆ ನೈನ್. ಸಿಕ್ಸ್, ಏಟ್ ಸದ್ಯಕ್ಕೆ ಬೇಡ, ಮತ್ತೆ ‘ಸಿಕ್ಸೂ, ಏಟೂ’ ಶುರುವಾಗುತ್ತೆ.