ಟಾರ್ಚ್ ಕೊಂಡರೆ ಸಾಲದು, ಇಡಲೂ ಬರಬೇಕು

ಮಳೆಗಾಲಕ್ಕೆ ಮುಂಚೆ ಟಾರ್ಚ್ ನೋಡಿಟ್ಟುಕೊಳ್ಳಿ ಎಂದರೆ ಡೊಂಬಿವಲಿಯ ನಮ್ಮ ಕಟ್ಟಡದ ಹುಡುಗ ಹುಡುಗಿಯರದು ಒಂದೇ ಉತ್ತರ: “ಮೊಬೈಲಿನಲ್ಲೇ ಇದೆಯಲ್ಲ ದೊಡ್ಡಮ್ಮ.” ಇದೆ, ಯಾರು ಇಲ್ಲವೆಂದರು? 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ಕೆಲಸಕ್ಕೆ ಹೋದವರ ಸುದ್ದಿಗೆ ಕಾದು ಕುಳಿತವರನ್ನು ಕೇಳಿ ನೋಡಿ. ಅಂಥ ರಾತ್ರಿ ಮೊಬೈಲಿನ ಚಾರ್ಜ್ ಮಾತಿಗೆ ಬೇಕು, ಬೆಂಕಿಪೊಟ್ಟಣ ಹುಡುಕುವುದಕ್ಕಲ್ಲ.

ಕೊಳ್ಳುವುದಾದರೆ ಎಲ್‌ಇಡಿಯನ್ನೇ ಕೊಳ್ಳಿ. ಹಳೆಯ ಬಲ್ಬಿನ ಟಾರ್ಚಿನ ಮೇಲೆ ನನಗೂ ಮಮತೆಯಿದೆ. ಊರಿನಲ್ಲಿ ಅಪ್ಪಯ್ಯನ ಮೂರು ಸೆಲ್ಲಿನ ಟಾರ್ಚಿನ ಮುಚ್ಚಳದೊಳಗೆ ಇನ್ನೊಂದು ಬಲ್ಬು ಹತ್ತಿಯಲ್ಲಿ ಸುತ್ತಿಕೊಂಡು ಸದಾ ಕಾದಿರುತ್ತಿತ್ತು. ಆದರೆ ಆ ಬಲ್ಬು ತಿನ್ನುವ ಕರೆಂಟಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಬರೀ ಬಿಸಿಯಾಗಿ ಹೋಗುತ್ತದೆ. ಕೈಜಾರಿ ಬಿದ್ದರೆ ಟಂಗ್‌ಸ್ಟನ್ ಎಳೆ ತುಂಡಾಯಿತೆಂದೇ ಲೆಕ್ಕ. ಒಂದು ಗುಣ ಮಾತ್ರ ಒಪ್ಪಬೇಕು: ಸೆಲ್ಲು ಸೋಲುತ್ತಾ ಬಂದಂತೆ ಅದರ ಬೆಳಕು ಕೆಂಪಗಾಗಿ ಮೊದಲೇ ಎಚ್ಚರಿಸುತ್ತಿತ್ತು. ಕೆಲವು ಎಲ್‌ಇಡಿಗಳು ಕೊನೆಯವರೆಗೂ ಒಂದೇ ಸಮ ಉರಿದು ತಟ್ಟನೆ ಕಣ್ಣು ಮುಚ್ಚುತ್ತವೆ.

ಲೋಹಾರ್ ಚಾಳಿನ ಅಂಗಡಿಯಲ್ಲಿ ನಿಂತು “ಎಷ್ಟು ವ್ಯಾಟ್?” ಎಂದು ಕೇಳುವವರನ್ನು ಕಂಡರೆ ರೇಗುತ್ತದೆ. ವ್ಯಾಟ್ ಎಂದರೆ ಟಾರ್ಚ್ ತಿನ್ನುವುದು, ಲ್ಯೂಮೆನ್ ಎಂದರೆ ಕೊಡುವುದು. ಮನೆಗೆ 100 ಲ್ಯೂಮೆನ್ ಧಾರಾಳ. ಇನ್ನು ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ: 6500 ಕೆಲ್ವಿನ್‌ನ ನೀಲಿ ಛಾಯೆಯ ಬೆಳಕಿನಲ್ಲಿ ಮಗುವಿನ ಗಂಟಲು ಕೆಂಪಾಗಿದೆಯೋ ಇಲ್ಲವೋ ಹೇಳುವುದು ಕಷ್ಟ. 3000ದ ಆಸುಪಾಸಿನ ಹಳದಿ ಬೆಳಕಿನದು ಸಿಕ್ಕರೆ ಬಿಡಬೇಡಿ. ಚಾರ್ಜ್ ಮಾಡುವ ಟಾರ್ಚನ್ನು ತಿಂಗಳುಗಟ್ಟಲೆ ಮರೆಯುವವರು ನೀವು, ಸೆಲ್ಲು ಹಾಕುವುದೇ ನಿಮಗೆ ಸರಿ.

ಆ ಸೆಲ್ಲನ್ನಾದರೂ ನೆಟ್ಟಗೆ ಇಡುತ್ತೀರಾ? ಟಾರ್ಚನ್ನು ಡ್ರಾವರಿಗೆ ಎಸೆದು ಮುಂದಿನ ಮಳೆಗಾಲಕ್ಕೆ ತೆರೆದರೆ ಸ್ಪ್ರಿಂಗಿನ ಮೇಲೆ ಬಿಳಿ ಹುಡಿ ಕಟ್ಟಿರುತ್ತದೆ. ಮೆತ್ತನೆಯ ಗುಂಡಿಯ ಎಷ್ಟೋ ಎಲ್‌ಇಡಿ ಟಾರ್ಚುಗಳು ಆರಿಸಿಟ್ಟಾಗಲೂ ಚೂರುಚೂರೇ ಕರೆಂಟು ಹೀರುತ್ತವೆ. ಬರಿದಾದ ಸೆಲ್ಲು ಸೋರತೊಡಗುತ್ತದೆ. ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಪ್ಲಾಸ್ಟಿಕ್ ಪಟ್ಟಿ ಇಟ್ಟರೆ ಕರೆಂಟು ಹರಿಯದು, ಇದಕ್ಕೆ ಹಾಲಿನ ಪ್ಯಾಕೆಟ್ ಬೇಕು. ತೊಳೆದು, ಒರೆಸಿ, ಫ್ಯಾನಿನಡಿ ಗರಿಗರಿ ಒಣಗಿಸಿ. ಕಾಗದ ಬೇಡ, ನಮ್ಮ ಆಷಾಢದ ಹವೆಗೆ ತೇವ ಹಿಡಿದು ಸೆಲ್ಲಿಗೇ ಅಂಟುತ್ತದೆ. (ಅಂದ ಹಾಗೆ, ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡುವ ಚಾಳಿ ಬಿಡಿ, ಮೋರಿಯ ಜಾಲರಿಯಿಂದ ಆ ಚೂರುಗಳನ್ನು ಕೀಳುವವಳು ನಾನು.) ಸೆಲ್ಲಿನ ಬುಡಕ್ಕಿಂತ ತುಸು ಅಗಲದ ಪಟ್ಟಿ ಕತ್ತರಿಸಿ, ಒಂದು ತುದಿಗೆ ಗಂಟು ಹಾಕಿ. ಗಂಟಿಲ್ಲದ ತುದಿಯನ್ನು ಸೆಲ್ಲಿನ ಬುಡಕ್ಕೂ ಮುಚ್ಚಳದ ಸ್ಪ್ರಿಂಗಿಗೂ ನಡುವೆ ಹಾಸಿ, ಗಂಟಿನ ಬಾಲ ಹೊರಗೆ ಇಳಿದಿರಲಿ. ಮುಚ್ಚಳ ತಿರುಗಿಸುವಾಗ ಬಾಲವನ್ನು ಹೆಬ್ಬೆರಳಿನಿಂದ ಅದುಮಿ ಹಿಡಿಯಿರಿ, ಇಲ್ಲದಿದ್ದರೆ ಅದೂ ಜೊತೆಗೇ ಸುತ್ತಿ ಮುದುಡುತ್ತದೆ. ಮುಚ್ಚಳದ ತಿರುಪು ಹಿಡಿಯುವಷ್ಟು ತಿರುಗಿಸಿದರೆ ಸಾಕು, ಬಿಗಿಯಬೇಡಿ. ಗುಂಡಿ ಒತ್ತಿ ನೋಡಿ: ಹೊತ್ತಿಕೊಂಡರೆ ಪಟ್ಟಿ ಸರಿದಿದೆ, ಮತ್ತೆ ಹಾಕಿ. ಕರೆಂಟು ಹೋದಾಗ ಗಂಟು ಬೆರಳಿಗೆ ತಾನೇ ಸಿಗುತ್ತದೆ. ಮುಚ್ಚಳ ಸಡಿಲಿಸಿ, ಎಳೆದು, ಬಿಗಿದರೆ ಬೆಳಕು.

ಹೊಸ ಸೆಲ್ಲಿನ ಜೊತೆ ರಿಮೋಟಿನಿಂದ ಕಿತ್ತ ಹಳೆಯದನ್ನು ಹಾಕಬೇಡಿ. ಟಾರ್ಚಿಗೆ ಸೋತ ಸೆಲ್ಲು ಅಳತೆ ಹೊಂದಿದರೆ ಗೋಡೆಗಡಿಯಾರಕ್ಕೆ ಇನ್ನಷ್ಟು ಕಾಲ ಬರುತ್ತದೆ. ಆದರೆ ಗಡಿಯಾರ ನಿಂತ ದಿನವೇ ತೆಗೆದುಬಿಡಿ, ಇಲ್ಲದಿದ್ದರೆ ಅಲ್ಲೂ ಸೋರೀತು.