ತಳ ನೋಡಿ ಪಾತ್ರೆ ಕೊಳ್ಳಿ: ಕರೆಂಟ್ ಒಲೆಗೆ ಯಾವುದು ಆಗುತ್ತೆ, ಯಾವುದು ಆಗಲ್ಲ

ಕರೆಂಟ್ ಒಲೆ ಮನೆಗೆ ಬಂದ ಮೊದಲ ದಿನವೇ ಅಡುಗೆಮನೆಯ ಅರ್ಧ ಪಾತ್ರೆ ಕೈಕೊಡುತ್ತದೆ. ಕಡುಬಿನ ಪಾತ್ರೆ ಅಲ್ಯೂಮಿನಿಯಂ, ಬಾಣಲೆಗೆ ಗುಂಡು ತಳ, ಹಾಲಿನ ಪಾತ್ರೆಯ ತಳ ಉಬ್ಬಿ ಗಾಜಿನ ಮೇಲೆ ಬುಗುರಿಯ ಹಾಗೆ ತಿರುಗುತ್ತದೆ. ಹಾಗಂತ ಎಲ್ಲವನ್ನೂ ಗುಜರಿಗೆ ಹಾಕಿ ಹೊಸ ಸೆಟ್ ತರಬೇಕಿಲ್ಲ. ನಿಮ್ಮದು ಯಾವ ಒಲೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇಂಡಕ್ಷನ್ ಒಲೆಯಲ್ಲಿ ಕಾಯುವುದು ಗಾಜಲ್ಲ, ಪಾತ್ರೆಯ ತಳ. ಗಾಜಿನ ಕೆಳಗಿನ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕರೆಂಟ್ ಹರಿಯುತ್ತದೆ. ಅದರ ಕಾಂತಶಕ್ತಿಗೆ ಮ್ಯಾಗ್ನೆಟ್ ಹಿಡಿಯುವ ತಳ ತಾನೇ ಬಿಸಿಯಾಗುತ್ತದೆ. ಅಲ್ಯೂಮಿನಿಯಂ, ಹಿಂಡಾಲಿಯಂ, ತಾಮ್ರ, ಹಿತ್ತಾಳೆ, ಮಣ್ಣು, ಬಳಪದ ಕಲ್ಲು ಯಾವುದನ್ನಿಟ್ಟರೂ ಒಲೆ ಕೂಗಿ ಸುಮ್ಮನಾಗುತ್ತದೆ. ಇನ್‌ಫ್ರಾರೆಡ್ ಒಲೆ ಹಾಗಲ್ಲ. ಗಾಜಿನ ಕೆಳಗೆ ಸುರುಳಿ ಕೆಂಪಗೆ ಕಾದು ಮೇಲಿನ ಪಾತ್ರೆಗೆ ಶಾಖ ಕೊಡುತ್ತದೆ, ತಳ ಸಪಾಟಾಗಿದ್ದರೆ ಯಾವ ಲೋಹವಾದರೂ ನಡೆಯುತ್ತದೆ. ಮೂರನೆಯದು ಸುರುಳಿ ಬಯಲಲ್ಲೇ ಕಾಣುವ ಹಳೇ ಕಾಯಿಲ್ ಒಲೆ. ಹಾಸನದ ಬಾಡಿಗೆ ರೂಮುಗಳಲ್ಲಿ ಓದುವ ಹುಡುಗರ ಹತ್ತಿರ ಇದು ಈಗಲೂ ಸಿಗುತ್ತದೆ. ಅದರ ತಂತಿಯಲ್ಲಿ 230 ವೋಲ್ಟ್ ಬರಿಮೈಯಲ್ಲಿ ಓಡುತ್ತಿರುತ್ತದೆ. ತೆಳು ಅಲ್ಯೂಮಿನಿಯಂ ಪಾತ್ರೆಯ ತಳ ತಂತಿಗೆ ತಗುಲಿದರೆ, ಇಲ್ಲವೇ ಸಾರು ಉಕ್ಕಿ ಸುರುಳಿಗೆ ಇಳಿದರೆ, ಸೌಟು ಹಿಡಿದ ಕೈಗೇ ಶಾಕ್. ಈ ಒಲೆಗೆ ಸರಿಯಾದ ಪಾತ್ರೆ ಯಾವುದು ಎಂದು ಕೇಳಿದರೆ ನಮ್ಮ ಉತ್ತರ: ಒಲೆಯನ್ನೇ ಬದಲಿಸಿ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಎರಡು ಸಾಮಾನು ಇರಲಿ: ಫ್ರಿಜ್ ಬಾಗಿಲಿಗೆ ಅಂಟಿಸುವ ಒಂದು ಮ್ಯಾಗ್ನೆಟ್, ಮಕ್ಕಳ ಪೆಟ್ಟಿಗೆಯ ಒಂದು ಸ್ಕೇಲು. ಹಾಸನದ ಕಟ್ಟಿನಕೆರೆ ಮಾರ್ಕೆಟ್ ಆಗಲಿ, ಚಿಕ್ಕಮಗಳೂರಿನ ಎಂ.ಜಿ. ರಸ್ತೆ ಆಗಲಿ, ಮ್ಯಾಗ್ನೆಟ್ ತೆಗೆದ ಕೂಡಲೇ ಒಂದು ಹಳೇ ಮಾತು ಕಿವಿಗೆ ಬೀಳುತ್ತದೆ: "ಮ್ಯಾಗ್ನೆಟ್ ಹಿಡಿದರೆ ಅದು ಒಳ್ಳೇ ಸ್ಟೀಲ್ ಅಲ್ಲ." ಗ್ಯಾಸಿನ ಕಾಲದ ಆ ಲೆಕ್ಕ ಇಲ್ಲಿ ತಿರುಗುಮುರುಗು. ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುವ 304 ಸ್ಟೀಲ್ ತುಕ್ಕಿಗೆ, ಹುಳಿಗೆ ಜಗ್ಗದು, ಆದರೆ ಮ್ಯಾಗ್ನೆಟ್ಟನ್ನು ಹಿಡಿಯುವುದಿಲ್ಲ ಎಂದೇ ಹೇಳಬೇಕು. 430 ಸ್ಟೀಲಿನಲ್ಲಿ ನಿಕಲ್ ಇಲ್ಲವೆಂದೇ ಲೆಕ್ಕ, ಅದು ಗಟ್ಟಿಯಾಗಿ ಹಿಡಿಯುತ್ತದೆ. ಇಂಡಕ್ಷನ್‌ಗೆ ಬೇಕಾದದ್ದು ಒಳಗೆ 304, ಹೊರಗೆ 430, ನಡುವೆ ಅಲ್ಯೂಮಿನಿಯಂ. ಅಂಗಡಿಯವರು ಟ್ರೈಪ್ಲೈ ಅನ್ನುವುದು ಇದಕ್ಕೇ. ಮ್ಯಾಗ್ನೆಟ್ ತಳಕ್ಕೂ ಪಕ್ಕಕ್ಕೂ ಅಂಟಿ ಒಳಗೆ ಅಂಟದಿದ್ದರೆ ಟ್ರೈಪ್ಲೈ. ತಳಕ್ಕೆ ಮಾತ್ರ ಅಂಟಿದರೆ ತಳಕ್ಕೆ ದಪ್ಪ ಬಿಲ್ಲೆ ಕೂರಿಸಿದ ಪಾತ್ರೆ. ಅನ್ನ, ಸಾರಿಗೆ ಬಿಲ್ಲೆಯ ತಳವೇ ಸಾಕು, ಬೆಲೆಯೂ ಕಡಿಮೆ. ಹಾಲು, ಪಾಯಸ, ಹುರಿಯುವ ಕೆಲಸಕ್ಕೆ ಟ್ರೈಪ್ಲೈಗೆ ದುಡ್ಡು ಹಾಕಿದರೆ ಮೋಸವಿಲ್ಲ.

ಆಮೇಲೆ ಪಾತ್ರೆ ಬೋರಲು ಹಾಕಿ ಸ್ಕೇಲನ್ನು ತಳದ ಮೇಲೆ ಅಡ್ಡಲಾಗಿ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ಅಡ್ಡಿಯಿಲ್ಲ, ಕಾದಾಗ ತಳ ಹಿಗ್ಗಿ ಸಮವಾಗುತ್ತದೆ. ಸ್ಕೇಲು ಏತದ ಹಾಗೆ ಎದ್ದು ಬಿದ್ದು ಮಾಡಿದರೆ ಬೇಡ. ಬಹಳಷ್ಟು ಇಂಡಕ್ಷನ್ ಒಲೆಗಳಲ್ಲಿ ಶಾಖ ಅಳೆಯುವ ಸೆನ್ಸರ್ ಗಾಜಿನ ನಟ್ಟನಡುವೆ, ಗಾಜಿನ ಕೆಳಗೇ ಕೂತಿರುತ್ತದೆ. ಉಬ್ಬಿದ ತಳದ ಅಂಚು ಮೇಲೆದ್ದರೆ ಅಲ್ಲಿ ಪಾತ್ರೆ ಸರಿಯಾಗಿ ಕಾಯುವುದಿಲ್ಲ. ಒಳಬಾಗಿದ ತಳವಾದರೆ ನಡುವೆ ಗಾಳಿ ನಿಂತು ಸೆನ್ಸರ್‌ಗೆ ನಿಜವಾದ ಬಿಸಿ ಗೊತ್ತಾಗದೆ, ಒಲೆ ಕಾಯಿಸುತ್ತಲೇ ಇರುತ್ತದೆ. ತಳದ ಅಗಲವೂ ಮುಖ್ಯ. 12 ಸೆಂಟಿಮೀಟರಿಗಿಂತ ಕಿರಿದಾದ ಪಾತ್ರೆಯನ್ನು ಎಷ್ಟೋ ಒಲೆಗಳು ಗುರುತಿಸುವುದೇ ಇಲ್ಲ. ಒಂದು ಲೋಟ ಕಾಫಿಗೆ ಹಾಲು ಕಾಯಿಸುವ ಪುಟ್ಟ ಪಾತ್ರೆ ಸೋಲುವುದು ಇಲ್ಲೇ.

ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯ ಮಾಡಿ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದೆ. ಸ್ಟೀಲ್ ಪಾತ್ರೆಗೆ ಐಎಸ್ 14756, ಪ್ರೆಶರ್ ಕುಕ್ಕರ್‌ಗೆ ಐಎಸ್ 2347 ಎಂದು ಅಚ್ಚಾಗಿದೆಯೇ ನೋಡಿ. ಇನ್ನೊಂದು ಮಾತು: ಮನೆಯ ಒಲೆ ಮೇಲಿಟ್ಟು ನೋಡುವ ಮೊದಲು ಪಾತ್ರೆಗೆ ಹೆಸರು ಹಾಕಿಸಬೇಡಿ. ಹೆಸರು ಬಿದ್ದ ಪಾತ್ರೆಯನ್ನು ಯಾವ ಅಂಗಡಿಯವರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಈಗ ಹಿಟ್ಟಿನ ವಿಷಯ. ಹಾಸನದ ಕಡೆ ಮುದ್ದೆಯಿಲ್ಲದ ಊಟ ಊಟವಲ್ಲ, ಗಾಜಿನ ಒಲೆಗೆ ಅತಿ ಕಷ್ಟದ ಅಡುಗೆಯೂ ಅದೇ. ಎಸರು ಕುದಿಸಿ, ಹಿಟ್ಟು ಹಾಕಿ ಬೇಯಿಸುವವರೆಗೆ ಒಲೆಯ ಮೇಲೆಯೇ ಇರಲಿ, ದಪ್ಪ ತಳದ ಪಾತ್ರೆಯಾದರೆ 800 ವಾಟ್ ಸಾಕು. ಆದರೆ ಕೋಲಿನಲ್ಲಿ ತಿರುವುವುದು ಅಲ್ಲಿ ಬೇಡವೇ ಬೇಡ. ಕವೆಗೋಲು ಹಾಕಿ ಒತ್ತಿದರೆ ಪಾತ್ರೆ ಜಾರುತ್ತದೆ, ಅಂಚು ಒಂದು ಕಡೆ ಊರಿ ಗಾಜು ಬಿರುಕು ಬಿಡುತ್ತದೆ. ಪಾತ್ರೆ ಇಳಿಸಿ, ನೆಲದ ಮೇಲೆ ಒದ್ದೆ ಗೋಣಿತಟ್ಟು ಹಾಸಿ, ಅದರ ಮೇಲೆ ಕೂರಿಸಿ ತಿರುವಿ. ದಪ್ಪ ತಳದ ಪಾತ್ರೆ ಬಿಸಿಯನ್ನು ಹಿಡಿದಿಡುವುದರಿಂದ ಹಿಟ್ಟು ಆರಿ ಗಂಟಾಗುವುದಿಲ್ಲ. ಬಿರುಕು ಬಿಟ್ಟ ಗಾಜಿನ ಮೇಲೆ ಮತ್ತೆ ಅಡುಗೆ ಮಾಡಲೇಬಾರದು. ಉಕ್ಕಿದ ನೀರು ನೇರ ಒಳಗಿನ ವೈರಿಗೆ ಇಳಿಯುತ್ತದೆ.

ಅಕ್ಕಿರೊಟ್ಟಿಗೆ ಬೀಡಿನ, ಅಂದರೆ ಎರಕದ ಕಬ್ಬಿಣದ, ಕಾವಲಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಇಂಡಕ್ಷನ್‌ಗೂ ಅದು ಹೇಳಿ ಮಾಡಿಸಿದ್ದು. ಆದರೆ ಒಲೆಯ ಸುರುಳಿಯ ಅಗಲ ಸಾಮಾನ್ಯವಾಗಿ 18 ಸೆಂಟಿಮೀಟರ್ ಆಸುಪಾಸು, ರೊಟ್ಟಿಯದು 25. ಕಾವಲಿ ಇಟ್ಟ ಕೂಡಲೇ 2000 ವಾಟ್‌ಗೆ ಏರಿಸಿದರೆ ನಡುವೆ ಕರಿ ಚುಕ್ಕೆ, ಅಂಚಿನಲ್ಲಿ ಹಸಿ ಹಿಟ್ಟು. ಬೀಡು ಒಮ್ಮೆಲೇ ಕಾದರೆ ಸೀಳಿಯೂ ಬಿಡುತ್ತದೆ. 600ರಿಂದ 800 ವಾಟ್‌ನಲ್ಲಿ ಐದಾರು ನಿಮಿಷ ಬಿಡಿ, ಬಿಸಿ ಅಂಚಿಗೆ ಹರಡಲಿ. ನೀರು ಚಿಮುಕಿಸಿದಾಗ ನಡುವೆಯೂ ಅಂಚಿನಲ್ಲೂ ಒಂದೇ ಹೊತ್ತಿಗೆ ಚುಯ್ ಅಂದ ಮೇಲೆ ರೊಟ್ಟಿ ಹಾಕಿ. ಕಾವಲಿಯನ್ನು ಎತ್ತಿ ಇಡಬೇಕು, ಎಳೆಯಬಾರದು, ಬೀಡಿನ ಒರಟು ತಳ ಗಾಜನ್ನು ಗೀರುತ್ತದೆ. ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಹವೆಗೆ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುವುದರಿಂದ, ತೊಳೆದ ಮೇಲೆ ಒಲೆಯಲ್ಲೇ ಒಣಗಿಸಿ ಎಣ್ಣೆಬಟ್ಟೆಯಲ್ಲಿ ಒರೆಸಿಡಿ.

ನಾನ್‌ಸ್ಟಿಕ್ ಕಾವಲಿಯ ಅಪಾಯ ಬೇರೆ. ಅದರ ಲೇಪ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡಲು ಶುರು. ಖಾಲಿ ಕಾವಲಿಯನ್ನು ಇಂಡಕ್ಷನ್ನಿನ ಜೋರು ಉರಿಗಿಟ್ಟರೆ ಕೆಲವೇ ನಿಮಿಷಗಳಲ್ಲಿ ಅಲ್ಲಿಗೆ ಮುಟ್ಟುತ್ತದೆ. ಆ ಹೊಗೆ ಮನುಷ್ಯರಿಗೂ ಒಳ್ಳೆಯದಲ್ಲ, ಪಂಜರದ ಗಿಳಿಗಂತೂ ಪ್ರಾಣಕ್ಕೇ ಸಂಚಕಾರ. "ಪಿಎಫ್‌ಒಎ ಇಲ್ಲ" ಎಂಬ ಚೀಟಿ ತಯಾರಿಕೆಯ ಒಂದು ರಾಸಾಯನಿಕದ ಮಾತಷ್ಟೇ, ಖಾಲಿ ಕಾಯಿಸಲು ಪರವಾನಗಿಯಲ್ಲ. ಲೇಪ ಎದ್ದ ಕಾವಲಿ ಕಸಕ್ಕೆ ಹೋಗಲಿ.

ಹುಣಸೆಹುಳಿ, ವಾಟೆಹುಳಿ, ಟೊಮೆಟೊ ಬೀಳುವ ಸಾರು ಬರಿ ಅಲ್ಯೂಮಿನಿಯಂನಲ್ಲೂ ಬೇಡ, ಬೀಡಿನಲ್ಲೂ ಬೇಡ. ಅಲ್ಯೂಮಿನಿಯಂ ಹುಳಿಗೆ ಕರಗುತ್ತದೆ, ಬೀಡಿನಲ್ಲಿ ಸಾರು ಕಪ್ಪಾಗುತ್ತದೆ. ಹಿತ್ತಾಳೆ ಪಾತ್ರೆಯನ್ನು ಇನ್‌ಫ್ರಾರೆಡ್ ಮೇಲೆ ಇಡಬಹುದು, ಕಲಾಯಿ ಗಟ್ಟಿಯಿದ್ದರೆ. ಕಲಾಯಿಯ ತವರ 232 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ನೀರೋ ಎಣ್ಣೆಯೋ ಇಲ್ಲದೆ ಒಣ ಹುರಿಯಬೇಡಿ.

ಹಳೇ ಅಲ್ಯೂಮಿನಿಯಂ ಪಾತ್ರೆಗೆಂದು ಕೆಳಗಿಡುವ ಕಬ್ಬಿಣದ ಬಿಲ್ಲೆ ಮಾರುತ್ತಾರೆ. ನಾವು ಬೇಡ ಅನ್ನುತ್ತೇವೆ. ಬಿಲ್ಲೆಯೇ ವಿಪರೀತ ಕಾದು ಗಾಜಿಗೆ ಪೆಟ್ಟು, ಕರೆಂಟೂ ದಂಡ. ಕಡುಬಿಗೆ ಮ್ಯಾಗ್ನೆಟ್ ಹಿಡಿಯುವ ತಳದ ಒಂದು ಅಗಲ ಪಾತ್ರೆ ಕೊಂಡು, ಹಳೇ ಪಾತ್ರೆಯ ತೂತಿನ ತಟ್ಟೆಯನ್ನೇ ಅದರೊಳಗೆ ಕೂರಿಸಿಕೊಳ್ಳಿ.

ಪಾತ್ರೆ ಎಷ್ಟೇ ಚೆನ್ನಾಗಿದ್ದರೂ ಪ್ಲಗ್ ಸರಿಯಿಲ್ಲದಿದ್ದರೆ ವ್ಯರ್ಥ. 2000 ವಾಟ್ ಒಲೆ 230 ವೋಲ್ಟ್‌ನಲ್ಲಿ 9 ಆಂಪಿಯರ್ ಹತ್ತಿರ ಎಳೆಯುತ್ತದೆ. ಮೊಬೈಲ್ ಚಾರ್ಜ್ ಮಾಡುವ 6 ಆಂಪಿಯರ್ ಸಾಕೆಟ್ಟಿಗೆ ಅದು ತಾಳದು, ಮೊದಲು ಪಿನ್ ಕಂದುತ್ತದೆ, ಆಮೇಲೆ ಸಾಕೆಟ್ ಕರಗುತ್ತದೆ. 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಕೆಲಸ ಮಾಡುವ ಅರ್ಥಿಂಗ್, ಜೊತೆಗೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಇರಲಿ. ಎಕ್ಸ್‌ಟೆನ್ಶನ್ ಬೋರ್ಡ್ ಬೇಡ.

ಬೆಲ್ಲದ ಪಾಕ ಇನ್‌ಫ್ರಾರೆಡ್ ಗಾಜಿನ ಮೇಲೆ ಚೆಲ್ಲಿದರೆ ಮಾತ್ರ ಆರಲು ಬಿಡಬೇಡಿ. ಆರಿ ಗಟ್ಟಿಯಾದ ಪಾಕ ಕಿತ್ತು ಬರುವಾಗ ಗಾಜಿನ ಚೂರನ್ನೂ ಕೀಳುತ್ತದೆ. ಸ್ವಿಚ್ ಆರಿಸಿ, ಪಾತ್ರೆ ಪಕ್ಕಕ್ಕಿಟ್ಟು, ಬಿಸಿಯಿರುವಾಗಲೇ ಮರದ ಸಟ್ಟುಗದ ಅಂಚಿನಿಂದ ಹೊರಕ್ಕೆ ತಳ್ಳಿ. ಕೈ ದೂರವಿರಲಿ. ಉಳಿದ ಕಲೆ ಆರಿದ ಮೇಲೆ ಒದ್ದೆ ಬಟ್ಟೆಗೆ ಬಿಡುತ್ತದೆ.