ಬ್ಲೌಸ್ ಹಿಡಿಯುವುದನ್ನು ನಿಲ್ಲಿಸಿದ ಮೇಲೆ

ತೂಕ ಇಳಿಸುವ ಆಪರೇಷನ್ ಆದ ಮೊದಲ ವರ್ಷ ಪ್ರತಿ ತಿಂಗಳೂ ನನ್ನ ಬ್ಲೌಸುಗಳನ್ನು ನಾನೇ ಹಿಡಿಯುತ್ತಿದ್ದೆ. ಹೊಲಿಗೆ ನನ್ನ ಕಸುಬು. ದಾವಣಗೆರೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ರಾತ್ರಿ ಗಿರಾಕಿಗಳ ಕೆಲಸ ಮುಗಿದ ಮೇಲೆ ಟೇಪು ಸುತ್ತಿಕೊಂಡು ನೋಡುವುದು, ಎರಡೂ ಬದಿಗೆ ಅರ್ಧರ್ಧ ಇಂಚು ಒಳಗೆ ಹೊಲಿಗೆ ಹಾಕುವುದು. 2021ರ ನವೆಂಬರಿನಲ್ಲಿ 112 ಕೆ.ಜಿ. ಇದ್ದವಳು 2023ರ ಮಾರ್ಚಿಗೆ 64ಕ್ಕೆ ಬಂದೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಂತಿತು, ಮಂಡಿ ನೋವು ಹೋಯಿತು, ಮೂರು ತಾಸು ಒಂದೇ ಸಮ ಮೆಷಿನ್ ತುಳಿದರೂ ಕಾಲು ಊದುವುದು ನಿಂತಿತು.

ಆಮೇಲೆ ಒಂದು ತಿಂಗಳು ಟೇಪು ಹಿಡಿದರೆ ಹಿಂದಿನ ತಿಂಗಳದ್ದೇ ಅಳತೆ. ಅದರ ಮುಂದಿನ ತಿಂಗಳೂ ಅದೇ. ಇಳಿಸುವುದು ಹೇಗೆ ಅಂತ ಎಲ್ಲರೂ ಹೇಳಿಕೊಟ್ಟಿದ್ದರು. ಇಳಿದದ್ದನ್ನು ಇಳಿದಲ್ಲೇ ಇಟ್ಟುಕೊಳ್ಳುವುದನ್ನು ನಾನು ಎರಡು ಸಲ ತಪ್ಪಿ ಕಲಿತೆ.

ನನಗೆ ಆಗಿದ್ದು ಸ್ಲೀವ್ ಆಪರೇಷನ್. ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು, ಬಾಳೆಹಣ್ಣಿನ ಆಕಾರದ ಕೊಳವೆಯಷ್ಟು ಉಳಿಸುತ್ತಾರೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ಬರುವುದು ತೆಗೆದುಹಾಕುವ ಆ ಭಾಗದಿಂದಲೇ. ಹಾಗಾಗಿ ಮೊದಲ ಹತ್ತು ತಿಂಗಳು ನನಗೆ ಹಸಿವೆಂಬುದೇ ಇರಲಿಲ್ಲ, ಗಡಿಯಾರ ನೋಡಿ ಊಟ ಮಾಡುತ್ತಿದ್ದೆ. ಒಂದು ವರ್ಷ ದಾಟಿದ ಮೇಲೆ ಹಸಿವು ಮೆಲ್ಲಗೆ ವಾಪಸು ಬಂತು. ಇನ್ನೊಂದು ಕಡೆ, ತೂಕ ಕಮ್ಮಿಯಾದಷ್ಟೂ ಮೈಗೆ ಬೇಕಾದ ಊಟವೂ ಕಮ್ಮಿಯಾಗುತ್ತದೆ. ತಿನ್ನುವುದೂ ಖರ್ಚಾಗುವುದೂ ಸಮ ಆದ ದಿನ ತೂಕದ ಮುಳ್ಳು ನಿಲ್ಲುತ್ತದೆ. ಅದು ಸಹಜ. ಆದರೆ ಹದಿನಾರು ತಿಂಗಳು ಪ್ರತಿ ವಾರ ಮುಳ್ಳು ಇಳಿಯುವುದನ್ನೇ ನೋಡಿದ್ದ ನನಗೆ ಅದು ಸೋಲಿನ ಹಾಗೆ ಕಂಡಿತು. ಜನ ಹೊಗಳುವುದೂ ಅದೇ ಹೊತ್ತಿಗೆ ನಿಂತಿತು. ಮೊದಲು ಅಂಗಡಿಗೆ ಬಂದವರೆಲ್ಲ "ಅಕ್ಕಾ, ಎಷ್ಟ್ ಇಳ್ದೀರಿ!" ಅನ್ನುತ್ತಿದ್ದರು. ಅದೇ ತೂಕದಲ್ಲಿ ನಿಂತವಳಿಗೆ ಯಾರು ಏನು ಹೇಳುತ್ತಾರೆ?

60 ಆಗಲೇಬೇಕು ಅಂತ ಹಠ ಹಿಡಿದೆ. ಆಪರೇಷನ್ ಆದ ಹೊಸತರಲ್ಲಿ ಕುಡಿದ ಹಾಗೆ ಬರೀ ಬೇಳೆ ಕಟ್ಟು, ಮಜ್ಜಿಗೆ, ಗಂಜಿ ಮೇಲೆ ಇಪ್ಪತ್ತು ದಿನ ಇದ್ದೆ. ಯಾರನ್ನೂ ಕೇಳಲಿಲ್ಲ. ಒಂದು ಮಧ್ಯಾಹ್ನ ಲೈನಿಂಗ್ ಬಟ್ಟೆ ಕತ್ತರಿಸಲು ನಿಂತವಳಿಗೆ ಕಣ್ಣು ಕತ್ತಲೆ ಬಂದು ಕಟಿಂಗ್ ಟೇಬಲ್ಲು ಹಿಡಿದು ಕುಸಿದೆ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.9ಕ್ಕೆ ಇಳಿದಿತ್ತು. ಬೈತಲೆ ಅಗಲವಾಗಿ, ಬಾಚಣಿಗೆ ತುಂಬ ಕೂದಲು ಬರುತ್ತಿತ್ತು. ಡಯಟೀಷಿಯನ್ ಹುಡುಗಿ ನನ್ನ ಮಗಳ ವಯಸ್ಸಿನವಳು. ರಿಪೋರ್ಟು ನೋಡಿ, "ಅಮ್ಮಾ, ನೀವೀಗ ತೂಕ ಇಳಿಸ್ತಾ ಇಲ್ಲ, ಸೊರಗ್ತಾ ಇದೀರಿ" ಅಂದಳು. ಆ ಮಾತು ನನಗೆ ನಾಟಿತು. ಮಾತ್ರೆ ಹೇಗೆ ತಗೊಳ್ತೀರಿ ಅಂತಲೂ ಕೇಳಿದಳು. ಕಬ್ಬಿಣದ್ದು, ಕ್ಯಾಲ್ಸಿಯಂದು ಎರಡನ್ನೂ ತಿಂಡಿ ಆದ ಮೇಲೆ ಚಹಾದ ಜೊತೆ ಒಟ್ಟಿಗೇ ನುಂಗುತ್ತಿದ್ದೆ. ಕ್ಯಾಲ್ಸಿಯಂ, ಚಹಾ ಎರಡೂ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಗೊಡುವುದಿಲ್ಲ. ಈಗ ಕಬ್ಬಿಣದ್ದು ಬೆಳಿಗ್ಗೆ ಹನ್ನೊಂದಕ್ಕೆ ನಿಂಬೆ ನೀರಿನ ಜೊತೆ, ಕ್ಯಾಲ್ಸಿಯಂ ಮಧ್ಯಾಹ್ನ ಊಟವಾದ ಮೇಲೆ. ನಡುವೆ ಎರಡು ತಾಸಾದರೂ ಅಂತರ ಇರಬೇಕು.

ಎರಡನೆಯ ತಪ್ಪು ಮಂಡಕ್ಕಿಯದು. ದಾವಣಗೆರೆಯವರಿಗೆ ಸಂಜೆ ಮಂಡಕ್ಕಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗೆ ಕುಸಿದ ಮೇಲೆ ಸುಸ್ತು ಹೋಗಲಿ ಅಂತ ಎಲ್ಲವನ್ನೂ ತಿನ್ನಲು ಶುರು ಮಾಡಿದೆ, ಆಗ ಖಾರ ಮಂಡಕ್ಕಿ ಮೆಷಿನ್ ಪಕ್ಕದ ಡಬ್ಬಿಗೆ ಬಂತು. ನನ್ನ ಹೊಟ್ಟೆ ಅರ್ಧ ರೊಟ್ಟಿ, ಒಂದು ಸೌಟು ಕಾಳುಪಲ್ಯಕ್ಕೆ ತುಂಬುತ್ತದೆ, ಆಮೇಲೆ ಮೂರು ತಾಸು ಏನೂ ಬೇಡ. ಮಂಡಕ್ಕಿ ಹಾಗಲ್ಲ. ಬಾಯಲ್ಲೇ ಕರಗಿ, ಚಹಾದ ಜೊತೆ ಜಾರಿ ಕೆಳಗಿಳಿದುಬಿಡುತ್ತದೆ. ತುಂಬಿದ್ದು ಗೊತ್ತೇ ಆಗುವುದಿಲ್ಲ. ಒಂದು ಬ್ಲೌಸಿಗೆ ಹುಕ್ಕು ಹಚ್ಚುವಷ್ಟರಲ್ಲಿ ಡಬ್ಬಿ ಖಾಲಿ. ಬಿಸ್ಕೀಟು, ಚಿಪ್ಸು, ಸಣ್ಣ ಸೇವು ಎಲ್ಲ ಇದೇ ಜಾತಿ. ಒಂದು ಸಲಕ್ಕೆ ಜಾಸ್ತಿ ತಿನ್ನಲು ಈ ಹೊಟ್ಟೆ ಬಿಡುವುದಿಲ್ಲ, ಆದರೆ ದಿನವಿಡೀ ಸ್ವಲ್ಪಸ್ವಲ್ಪ ತಿಂದರೆ ತಡೆಯುವುದೂ ಇಲ್ಲ. 2023ರ ಡಿಸೆಂಬರಿಗೆ 71 ಆಗಿದ್ದೆ. ಬ್ಲೌಸಿನ ತೋಳು ಬಿಗಿಯಾದದ್ದನ್ನು ಒಗೆದು ಕುಗ್ಗಿದೆ ಅಂತ ನಾನು ನಂಬಿದ್ದೆ. ಬಟ್ಟೆ ಕುಗ್ಗಿದ್ದು ಯಾವುದು, ಮೈ ಬಂದದ್ದು ಯಾವುದು ಅಂತ ಗಿರಾಕಿಗಳಿಗೆ ಹೇಳುವವಳು ನಾನು.

ಆಗ ಕೂತು ಲೆಕ್ಕ ಹಾಕಿದೆ. ಡಯಟೀಷಿಯನ್ ಜೊತೆ ಮಾತಾಡಿ ಒಂದೇ ಅಂಕಿ ಬಿಟ್ಟು 66ರಿಂದ 69ರ ವರೆಗೆ ಅಂತ ಇಟ್ಟುಕೊಂಡೆ. ಕೆಳಗಿನ ತುದಿಗೆ ಹೋಗಿ ಒಂದೆರಡು ಕೆ.ಜಿ. ವಾಪಸು ಬರುವುದು ತುಂಬ ಜನರಿಗೆ ಆಗುವಂಥದ್ದು, ಅದಕ್ಕೆ ಹೆದರಬೇಕಿಲ್ಲ ಅಂತ ಅವಳೇ ಹೇಳಿದ್ದು. ಸೋಮವಾರ ಬೆಳಿಗ್ಗೆ ಮಾತ್ರ ತೂಕ ನೋಡುತ್ತೇನೆ. ದಿನಾ ನೋಡುತ್ತಿದ್ದಾಗ ಉಪ್ಪಿನಕಾಯಿ ತಿಂದ ಮರುದಿನ, ಮುಟ್ಟಿನ ಹಿಂದುಮುಂದಿನ ದಿನ ಒಂದು ಕೆ.ಜಿ. ಏರಿ ಮನಸ್ಸು ಕೆಡುತ್ತಿತ್ತು. ಅದು ನೀರಿನ ತೂಕ. ಎರಡು ಸೋಮವಾರ ಸತತ 69 ದಾಟಿದರೆ ಮಾತ್ರ ಎಚ್ಚರವಾಗುತ್ತೇನೆ: ಡಬ್ಬಿ ಮನೆಯಿಂದ ಆಚೆ, ಮೂರು ಊಟ, ನಡುವೆ ಏನಿಲ್ಲ. ಗಂಜಿಗೆ ಮಾತ್ರ ಹಿಂದಿರುಗುವುದಿಲ್ಲ.

ಊಟ ಎಷ್ಟು ಹೆಚ್ಚಿಸಬೇಕು ಅನ್ನುವುದು ನಿಜವಾದ ಕಷ್ಟ. ನಾನು ಮಾಡಿದ್ದು ಇಷ್ಟು: ಒಂದು ಸಲಕ್ಕೆ ಒಂದೇ ಪದಾರ್ಥ ಸೇರಿಸಿ ಎರಡು ವಾರ ಕಾಯುವುದು. ಮೊದಲು ಬೆಳಗಿನ ಅರ್ಧ ರೊಟ್ಟಿ ಒಂದಾಯಿತು. ತೂಕ ಅಲ್ಲೇ ಇತ್ತು. ಆಮೇಲೆ ನಾಲ್ಕು ಗಂಟೆಗೆ ಒಂದು ಹಣ್ಣು. ಅದೂ ಸರಿಹೋಯಿತು. ರಾತ್ರಿ ಅನ್ನ ಸೇರಿಸಿದಾಗ ಏರಿತು, ತೆಗೆದೆ. ಆರು ವಾರದಲ್ಲಿ ನನ್ನ ಅಳತೆ ನನಗೆ ಸಿಕ್ಕಿತು.

ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ಇಲ್ಲ. ದಿನಕ್ಕೆ 60 ಗ್ರಾಂ ಪ್ರೊಟೀನು ಬೇಕು ಅಂದಾಗ ಶೇಂಗಾ ಚಟ್ನಿ ಇದೆಯಲ್ಲ ಅಂದುಕೊಂಡಿದ್ದೆ. ಶೇಂಗಾದಲ್ಲಿ ಪ್ರೊಟೀನಿಗಿಂತ ಎಣ್ಣೆಯೇ ಜಾಸ್ತಿ. ಈಗ ಒಂದು ಚಮಚ ಪ್ರೊಟೀನ್ ಪುಡಿ, ಸೋಯಾ ಉಂಡೆ, ಪನೀರು, ಗಟ್ಟಿ ಮೊಸರು, ಮೊಳಕೆ ಹೆಸರು ಅಥವಾ ಹುರುಳಿ, ಇವೆಲ್ಲ ಸೇರಿ 60 ದಾಟುತ್ತದೆ. ತಟ್ಟೆಯಲ್ಲಿ ಪಲ್ಯ, ಕಾಳು ಮೊದಲು, ಮುದ್ದೆ ಕಡೆಗೆ. ನೀರು ಊಟವಾಗಿ ಅರ್ಧ ತಾಸಿನ ನಂತರ.

ಮುದ್ದೆಯ ಮಾತು ಬಂತು, ಹೇಳಿಬಿಡುತ್ತೇನೆ. ಮುದ್ದೆ ನುಂಗಬೇಕು, ಅಗಿಯಬಾರದು ಅಂತ ಕಲಿಸಿದ್ದು ನಮ್ಮಜ್ಜಿ. ಆಪರೇಷನ್ ಆದ ಮೇಲೆ ಹಾಗೆ ನುಂಗಿದ ಒಂದು ತುತ್ತು ಎದೆಯಲ್ಲಿ ಕೂತು, ಬಾಯಲ್ಲಿ ನೊರೆ ಬಂದು, ಬಚ್ಚಲಲ್ಲಿ ಕಾಲು ತಾಸು ನಿಂತಿದ್ದೆ. ಈಗ ಗೋಲಿಯಷ್ಟು ಮುರಿದು, ಸಾರಲ್ಲಿ ಅದ್ದಿ, ಅಗಿದು ತಿನ್ನುತ್ತೇನೆ. ಅತ್ತೆ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಈಗ ನನಗೆ ಅಂತಲೇ ಅಂಗೈಯಷ್ಟು ಸಣ್ಣ ಮುದ್ದೆ ಬೇರೆ ಕಟ್ಟಿಡುತ್ತಾರೆ.

ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯುವುದು ಮೊದಲಿನಿಂದಲೂ ಇತ್ತು. ಮಾಂಸಖಂಡ ಉಳಿಯಲು ಅದೊಂದೇ ಸಾಲದು ಅಂತ ಗೊತ್ತಾದ ಮೇಲೆ ವಾರಕ್ಕೆ ಮೂರು ದಿನ ಐದು ಲೀಟರಿನ ಎರಡು ನೀರಿನ ಕ್ಯಾನು ಹಿಡಿದು ಕುರ್ಚಿಯಿಂದ ಎದ್ದು ಕೂರುವುದನ್ನು ಸೇರಿಸಿದೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ: ಬಿ12, ಕಬ್ಬಿಣ, ವಿಟಮಿನ್ ಡಿ, ಜೊತೆಗೆ ಸಕ್ಕರೆಯದ್ದೂ. ಮಾತ್ರೆ ನಿಂತಿದ್ದರೂ ಸಕ್ಕರೆ ಕಾಯಿಲೆ ವಾಪಸು ಬರಬಹುದು, ನೋಡುತ್ತಲೇ ಇರಬೇಕು ಅಂದಿದ್ದಾರೆ ಡಾಕ್ಟರು.

64 ಆಗಿದ್ದಾಗ ಹೊಲಿದುಕೊಂಡ ನಾಲ್ಕು ಬ್ಲೌಸುಗಳಿಗೆ ಒಳಗೆ ಬಟ್ಟೆಯನ್ನೇ ಬಿಟ್ಟಿರಲಿಲ್ಲ, ಕತ್ತರಿಸಿ ಎಸೆದಿದ್ದೆ. ಬಿಗಿಯಾದರೆ ಬುದ್ಧಿ ಬರಲಿ ಅಂತ. ಬೇರೆ ಯಾರಿಗೂ ನಾನು ಹಾಗೆ ಹೊಲಿದುಕೊಟ್ಟವಳಲ್ಲ. ಆ ನಾಲ್ಕನ್ನೂ ಅಕ್ಕನ ಮಗಳಿಗೆ ಕೊಟ್ಟೆ. ಮುಂದಿನ ತಿಂಗಳು ಅವಳ ಮದುವೆ. ನನ್ನ ರೇಷ್ಮೆ ಸೀರೆಯ ಬ್ಲೌಸು ಮೊನ್ನೆ ರಾತ್ರಿ ಕತ್ತರಿಸಿದೆ. ಆ ಸೋಮವಾರ 67.5 ಇದ್ದೆ. ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಬಿಟ್ಟು, ಗಿರಾಕಿಗಳಿಗೆ ಹಾಕುವ ಹಾಗೇ ಮೂರು ಹೊಲಿಗೆ ಹಾಕಿದ್ದೇನೆ.